ಅವ್ವನ ಮಾತು ನಾನು ಉರ್ದುವಿನಲ್ಲಿ ಹೇಳಿದ್ದು

ಆಗ ನಮ್ಮೂರಿಗೆ ಬಸವಕಲ್ಯಾಣ ಎಂಬ ಹೆಸರು ಇನ್ನೂ ಬಂದಿರಲಿಲ್ಲ. ಎಲ್ಲರೂ ಕಲ್ಯಾಣಿ ಎನ್ನುತ್ತಿದ್ದರು. ಆ ದಿನಗಳಲ್ಲಿ ಮಕ್ಕಳು ಏನು ಕೇಳಿದರೂ ದೊಡ್ಡವರು ಏನಾದರೊಂದು ಉತ್ತರ ಕೊಡುತ್ತಿದ್ದರು. ಮಳೆ ಯಾಕೆ ಬರುತ್ತದೆ, ಕಿಲ್ಲೆಯ ಫಿರಂಗಿಯ ಬಾಯಿ ಯಾಕೆ ಅಷ್ಟು ಅಗಲ, ನಿಜಾಮನ ಬಳಿ ಎಷ್ಟು ಕುದುರೆ ಇದ್ದವು, ಎಲ್ಲಕ್ಕೂ ಉತ್ತರವಿತ್ತು. ಒಂದು ವಿಷಯಕ್ಕೆ ಮಾತ್ರ ಇರಲಿಲ್ಲ. ಆ ಒಂದು ವಿಷಯವೇ ನಮ್ಮ ಮನೆಯಲ್ಲಿ ಹೆಚ್ಚುಕಡಿಮೆ ಎರಡು ವರ್ಷಕ್ಕೊಮ್ಮೆ ನಡೆಯುತ್ತಿತ್ತು.

ಕೂಸು ಎಲ್ಲಿಂದ ಬರುತ್ತದೆ ಎಂದು ನಾನು ಕೇಳದವರಿಲ್ಲ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ತ್ರಿಪುರಾಂತದ ಕೆರೆಯಿಂದ ಎಂದಳು. ನಾನು ಎರಡು ದಿನ ಕೆರೆಯ ದಂಡೆಗೆ ಹೋಗಿ ಕೂತು ಬಂದೆ. ಅಲ್ಲಿ ಅಗಸರು ಬಟ್ಟೆ ಒಗೆಯುತ್ತಿದ್ದರು, ಎಮ್ಮೆಗಳು ಬಿದ್ದುಕೊಂಡಿದ್ದವು, ಕೂಸು ಕಾಣಲಿಲ್ಲ. ವಾಪಸ್ ಬಂದು ಹೇಳಿದರೆ ಆಯಿ, "ಹಂಗ ಎಲ್ಲಾರಿಗಿ ಕಾಣಲ್ಲ" ಎಂದಳು. ಸೂಲಗಿತ್ತಿ ತನ್ನ ಗಂಟಿನಲ್ಲಿ ಕಟ್ಟಿಕೊಂಡು ಬರುವುದಾಗಿ ಹೇಳಿದಳು. ಅವ್ವನನ್ನು ಕೇಳಿದರೆ, "ಸುಮ್ಮ ಕೂಡು" ಎನ್ನುತ್ತಿದ್ದಳು. ಅವ್ವನ ಬಾಯಿಂದ ದಿನಕ್ಕೆ ಎಲ್ಲಕ್ಕಿಂತ ಹೆಚ್ಚು ಸಲ ಬರುತ್ತಿದ್ದ ಮಾತೇ ಅದು.

ಅಪ್ಪನನ್ನು ಕೇಳುವಂತೆಯೇ ಇರಲಿಲ್ಲ. ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಬಜಾರದಲ್ಲಿ ಅವನದು ಬಳೆ ಅಂಗಡಿ. ಊರಿನ ಯಾವ ಹೆಣ್ಣುಮಗಳು ಬಸುರಿ ಎಂಬುದು ಅವಳ ತವರಿಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು. ಕುಬಸದ, ಅಂದರೆ ಸೀಮಂತದ, ಹಸಿರು ಬಳೆ ಇಡಿಸಿಕೊಳ್ಳಲು ಎಲ್ಲರೂ ಅವನ ಮುಂದೆಯೇ ಕೈ ಚಾಚಬೇಕಿತ್ತು. ಕನ್ನಡದವರೊಂದಿಗೆ ಕನ್ನಡ, ಮುಸಲ್ಮಾನರ ಹೆಣ್ಣುಮಕ್ಕಳೊಂದಿಗೆ ಉರ್ದು, ಹುಲಸೂರ ಕಡೆಯಿಂದ ಬಂದವರೊಂದಿಗೆ ಮರಾಠಿ, ಹೀಗೆ ಬಾಯಿತುಂಬ ಮಾತಾಡುತ್ತಿದ್ದ ಮನುಷ್ಯ ಮನೆಯ ಹೊಸ್ತಿಲು ದಾಟಿದರೆ ಮೂಕ. ನಾವು ನಾಲ್ವರು ಹೆಣ್ಣುಮಕ್ಕಳು ಅವನು ತಂದ ಒಡಕು ಬಳೆಚೂರುಗಳನ್ನು ದೀಪಕ್ಕೆ ಹಿಡಿದು, ಬಗ್ಗಿಸಿ, ಒಂದಕ್ಕೊಂದು ಸಿಕ್ಕಿಸಿ ಸರ ಮಾಡುತ್ತಿದ್ದೆವು. ಬೆರಳು ಸುಟ್ಟರೆ ಮಾತ್ರ ಅವನು, "ಹುಷಾರ್" ಎನ್ನುತ್ತಿದ್ದ.

ನಾನೇ ಹಿರಿಯಳು, ನೀಲಾ. ಆಗ ನನಗೆ ಹನ್ನೊಂದು. ಅವ್ವನಿಗೆ ಅಷ್ಟರಲ್ಲಿ ಏಳು ಹೆರಿಗೆಯಾಗಿ, ಮೂರು ಮಣ್ಣಿಗೆ ಹೋಗಿ, ನಾವು ನಾಲ್ವರು ಉಳಿದಿದ್ದೆವು. ನಿಜ ಹೇಳಬೇಕೆಂದರೆ ಬಾಳಂತನ ಎಂದರೆ ನಮಗೆ ಖುಷಿಯೇ. ಕೋಣೆಯಿಂದ ಅಜವಾನ ಮತ್ತು ಲೋಬಾನದ ಹೊಗೆ ಬರುತ್ತಿತ್ತು, ಅಳವಿ ಬೀಜದ ಪಾಯಸ ಕುದಿಯುತ್ತಿತ್ತು, ಅಂಟಿನುಂಡಿ ಕಟ್ಟುತ್ತಿದ್ದರು. ಬಾಳಂತಿಗೆಂದು ಕಟ್ಟಿದ ಉಂಡಿಯಲ್ಲಿ ಅರ್ಧ ನಾವೇ ತಿನ್ನುತ್ತಿದ್ದೆವು. ಆ ಏಳನೆಯ ಹೆರಿಗೆಯಲ್ಲಿ ಮಾತ್ರ ಯಾರಿಗೂ ಉಂಡಿ ರುಚಿಸಲಿಲ್ಲ. ಅವ್ವನಿಗೆ ರಕ್ತ ನಿಲ್ಲಲಿಲ್ಲ. ನಾಲ್ಕು ದಿನ ಅವಳು ಕಣ್ಣು ಬಿಟ್ಟು ಮುಚ್ಚುವುದೇ ದೊಡ್ಡದಾಗಿತ್ತು. ಸೂಲಗಿತ್ತಿ ಆಯಿಗೆ ಪಡಸಾಲೆಯಲ್ಲಿ ನಿಂತು, "ಇನ್ನೊಂದು ಆದ್ರ ನನಗ ಕರೀಬ್ಯಾಡ್ರಿ. ನಾ ಬರಲ್ಲ" ಎಂದು ಹೇಳಿ ಹೋದದ್ದನ್ನು ನಾನು ಕಂಬದ ಹಿಂದೆ ನಿಂತು ಕೇಳಿದ್ದೆ. ಇನ್ನೊಂದು ಏನು, ಅದು ಆಗುವುದು ಯಾರ ಕೈಯಲ್ಲಿದೆ, ಆಗದಂತೆ ಮಾಡಲು ಬರುವುದಿಲ್ಲವೇ ಎಂದು ಕೇಳಿದ್ದಕ್ಕೆ ಆಯಿ ನನ್ನ ಜಡೆ ಹಿಡಿದು ಜಗ್ಗಿದಳು. ಅಷ್ಟೇ ಉತ್ತರ.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆದ ಮೇಲಿನ ಮೊದಲ ಬೇಸಿಗೆ ಅದು. ಪಕ್ಕದ ಮನೆಯ ಅಮೀನಾ ಖಾಲಾರ ಕಡೆಯ ಗಂಡಸರು ಆಗಿನ ಗಲಭೆಗೆ ಅಂಜಿ ಹೈದರಾಬಾದಿಗೆ ಹೋದವರು ಇನ್ನೂ ಮರಳಿರಲಿಲ್ಲ. ಖಾಲಾ ಮತ್ತು ಅವರ ಮಗಳು ಇಬ್ಬರೇ ಇದ್ದರು. ಹಿತ್ತಲ ಗೋಡೆಯ ಕಿಂಡಿಯಲ್ಲಿ ಅವ್ವ ಮತ್ತು ಖಾಲಾ ಪುಂಡಿಪಲ್ಯ, ಶೀರ್‌ಖುರ್ಮಾ, ಸಾಸಿವೆ ಡಬ್ಬಿ ದಾಟಿಸುತ್ತಾ ಮಾತಾಡುತ್ತಿದ್ದರು. ಆ ಬೇಸಿಗೆಯಲ್ಲಿ ಅವರ ಮಾತು ಪಿಸುಮಾತಾಯಿತು. ನಾನು ಬಂದರೆ ನಿಲ್ಲುತ್ತಿತ್ತು. ಒಂದು ದಿನ ಖಾಲಾ ನಾನಿರುವುದನ್ನು ಗಮನಿಸಲಿಲ್ಲ.

"ಹುಮನಾಬಾದಕ ಹೋಗಿ ತೋರಸ್ಕೊಂಡು ಬಾ ಬಹೆನಾ. ನನ್ನ ಬೇಟಿ ಜಾನ್ ಉಳದದ್ದು ಆ ಡಾಕ್ಟರಬಾಯಿ ಕೈಲೇ."

"ಅತ್ತಿಗಿ ಏನಂತ ಹೇಳ್ಲಿ?"

"ಅಕ್ಕನ ಮನಿಗಿ ಹೊಂಟೀನಿ ಅನ್ನು. ಅಲ್ಲೇ ಇಲ್ಲೇನು ನಿನ್ನ ಅಕ್ಕನ ಮನಿ?"

"ಆ ಡಾಕ್ಟರಬಾಯಿ ಮಾತು ನನಗ ತಿಳೀಬೇಕಲ್ಲ. ಅಕಿ ಉರ್ದು ಮಾತಾಡ್ತಾಳಂತ."

ಖಾಲಾ, "ನೀಲಾ ಅದಾಳಲ್ಲ" ಎಂದರು.

ಹೌದು, ನಾನಿದ್ದೆ. ಆಗ ನಮ್ಮ ಕಡೆ ಶಾಲೆಯೆಂದರೆ ಉರ್ದು ಶಾಲೆ. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ನಾಲ್ಕನೆಯ ಜಮಾತಿನಲ್ಲಿದ್ದೆ. ಪಾಠ ಹೇಳುವ ಉಸ್ತಾನಿ ನನ್ನ ಬರಹ ನೋಡಿ ಉಳಿದವರಿಗೆ ತೋರಿಸುತ್ತಿದ್ದರು. ಅವ್ವನಿಗೆ ಬಾಗಿಲಿಗೆ ಬಂದ ಹಣ್ಣಿನವಳೊಂದಿಗೆ ಚೌಕಾಸಿ ಮಾಡುವಷ್ಟು ಮಾತ್ರ ಉರ್ದು ಬರುತ್ತಿತ್ತು. ಹೀಗಾಗಿ, ಏನನ್ನೂ ತಿಳಿಯಬಾರದ ಹುಡುಗಿ ಎಂದು ಎಲ್ಲರೂ ತೀರ್ಮಾನಿಸಿದ್ದ ನಾನೇ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕಾಯಿತು.

ಹುಮನಾಬಾದಿನ ದೊಡ್ಡವ್ವನಿಗೆ ಮೈ ಹುಷಾರಿಲ್ಲ ಎಂದು ಸುಳ್ಳು ಹೇಳಿ ನಾವಿಬ್ಬರೂ ಬೆಳಗಿನ ಬಸ್ಸಿಗೆ ಹೊರಟೆವು. ಜೋಳದ ರೊಟ್ಟಿ, ಶೇಂಗಾದ ಹಿಂಡಿ ಕಟ್ಟಿಕೊಂಡಿದ್ದೆವು. ರಾಜೇಶ್ವರ ಊರು ದಾಟಿದ ಮೇಲೆ ಅವ್ವ, "ಅಲ್ಲಿ ಏನರೆ ಕೇಳಿದ್ರ ಅಷ್ಟೇ ಹೇಳು. ನೀನಾಗಿ ಏನೂ ಕೇಳಬ್ಯಾಡ" ಎಂದಳು. ಏನು ಕೇಳುತ್ತಾರೆ ಎಂದು ಕೇಳಿದೆ. "ಸುಮ್ಮ ಕೂಡು" ಎಂದಳು.

ಡಾಕ್ಟರಬಾಯಿಯ ದವಾಖಾನೆ ಹುಮನಾಬಾದಿನಲ್ಲಿ ಒಂದು ಹಳೆಯ ಬಾಡಿಗೆ ಮನೆ. ಒಳಗೆ ಸ್ಪಿರಿಟ್ಟಿನ ವಾಸನೆ, ಸುಣ್ಣದ ಗೋಡೆ, ನಾಲ್ಕು ಮಂಚ. ಬಾಯಿ, ಅಂದರೆ ಡಾಕ್ಟರಮ್ಮ, ಕುಳ್ಳಗೆ, ಬಿಳಿ ಸೀರೆ, ದಪ್ಪ ಕನ್ನಡಕ. ಹೈದರಾಬಾದಿನ ಕಡೆಯವರು. ಮುಖದಲ್ಲಿ ನಗುವೆಂಬುದಿಲ್ಲ. ಅವ್ವ ತಲೆಯ ಮೇಲಿನ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಕೂತಳು.

ಬಾಯಿ ಮೊದಲು ಕೇಳಿದ್ದು, "ಮಾಹವಾರಿ ಕಬ್ ಸೆ ಬಂದ್ ಹೈ?"

ಮಾಹ್ ಎಂದರೆ ತಿಂಗಳು ಎಂದು ನನಗೆ ಗೊತ್ತಿತ್ತು. ಮಾಹವಾರ್ ಎಂದರೆ ತಿಂಗಳಿಗೊಮ್ಮೆ ಬರುವುದು. ನಮ್ಮ ಉಸ್ತಾನಿಗೆ ತಿಂಗಳಿಗೊಮ್ಮೆ ಬರುತ್ತಿದ್ದುದು ಒಂದೇ. ನಾನು ಧೈರ್ಯವಾಗಿ, "ಅವ್ವ, ತಿಂಗಳ ಪಗಾರ ಯಾವಾಗಿಂದ ಬಂದ್ ಆಗ್ಯಾದಂತ ಕೇಳ್ತಾರ" ಎಂದೆ.

ಅವ್ವ ಸೆರಗಿನೊಳಗಿಂದ, "ನಮ್ಮನ್ಯಾಗ ಯಾರಿಗದ ಪಗಾರ? ಬಳಿ ಅಂಗಡಿ ಅಂತ ಹೇಳು" ಎಂದಳು.

ನಾನು ಅದನ್ನು ಉರ್ದುವಿನಲ್ಲಿ ಹೇಳಿದೆ. ಬಾಯಿ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಇನ್ನೊಮ್ಮೆ ನಿಧಾನವಾಗಿ, ಬಿಡಿಸಿ ಹೇಳಿದರು. ಪ್ರತಿ ತಿಂಗಳು ಹೆಂಗಸರಿಗೆ ಬರುವ ರಕ್ತ. ನನಗೆ ಅಂಥದ್ದೊಂದು ಇದೆಯೆಂದೇ ಗೊತ್ತಿರಲಿಲ್ಲ. ಅವ್ವ ತಿಂಗಳಿಗೆ ಮೂರು ದಿನ ಹಿತ್ತಲ ಕಡೆ ಕೂಡುವುದು ಗೊತ್ತಿತ್ತು, ಅವಳನ್ನು ಮುಟ್ಟಬಾರದೆಂಬುದು ಗೊತ್ತಿತ್ತು, ಯಾಕೆಂಬುದು ಮಾತ್ರ ಗೊತ್ತಿರಲಿಲ್ಲ. ಈಗ ಆ ಎರಡನ್ನೂ ಕೂಡಿಸಿ, "ಅವ್ವ, ನೀ ಹೊರಗ ಕೂಡೂದು ಯಾವಾಗಿಂದ ನಿಂತದ?" ಎಂದೆ.

ಅವ್ವ ಮೂರು ಬೆರಳು ತೋರಿಸಿದಳು. ಬಾಯಿಗೆ ಅಲ್ಲ, ನನಗೂ ಅಲ್ಲ, ಗೋಡೆಗೆ.

ಹೀಗೆಯೇ ನಡೆಯಿತು. ಬಾಯಿ ಒಂದು ಕೇಳುವುದು, ನಾನು ಅರ್ಧ ತಿಳಿದು ಅರ್ಧ ಊಹಿಸಿ ಹೇಳುವುದು, ಅವ್ವ ಗೋಡೆಗೆ ಉತ್ತರಿಸುವುದು. ಬಚ್ಚೇದಾನಿ ಎಂದರು. ಪಾನದಾನಿ ನೋಡಿದ್ದೆ, ಅತ್ತರದಾನಿ ನೋಡಿದ್ದೆ, ಇದು ಕೂಸಿನ ಡಬ್ಬಿ ಇರಬೇಕೆಂದು, "ನಿನ್ನ ಕೂಸಿನ ಡಬ್ಬಿ ಸೋತದಂತ" ಎಂದೆ. ಅವ್ವನಿಗೆ ನಾಚಿಕೆಯಾಯಿತೋ ನಗು ಬಂದಿತೋ, ಸೆರಗು ಅಲುಗಾಡಿತು. ನನಗೆ ಸಾಕಾಗಿಹೋಗಿತ್ತು. ಹನ್ನೊಂದು ವರ್ಷ ಯಾವುದನ್ನು ಕೇಳಿ ಕೇಳಿ ಬೈಸಿಕೊಂಡಿದ್ದೆನೋ, ಆ ಪಾಠವನ್ನು ಪರೀಕ್ಷೆಯ ದಿನವೇ ಮೊದಲ ಸಲ ತೆರೆದು ಓದಿದ ಹಾಗಿತ್ತು.

ಬಾಯಿಗೂ ಸಾಕಾಯಿತು. ಅವ್ವನ ಕಡೆ ತಿರುಗಿ, ಈ ಹುಡುಗಿಗೆ ಏನೂ ಹೇಳಿಲ್ಲವೇ ಎಂದು ಕೇಳಿದರು. ನಾನು ಅದನ್ನೂ ಕನ್ನಡ ಮಾಡಿ ಹೇಳಿದೆ. ಅವ್ವ ಸೆರಗನ್ನು ಇನ್ನಷ್ಟು ಕೆಳಗೆಳೆದುಕೊಂಡಳು. ಆಗ ಬಾಯಿ ಒಂದು ಹಾಳೆ ತೆಗೆದು ತಲೆಕೆಳಗಾದ ಸೋರೆಕಾಯಿಯಂಥದ್ದು ಬರೆದು, ಎರಡೂ ಕಡೆ ಎರಡು ನಳಿಗೆ ಎಳೆದು, ನನಗೆ ಹೇಳತೊಡಗಿದರು. ಇದು ಪ್ರತಿ ಹೆಣ್ಣಿನ ಹೊಟ್ಟೆಯಲ್ಲಿರುತ್ತದೆ. ಕೂಸು ಇದರಲ್ಲೇ ಬೆಳೆಯುತ್ತದೆ. ಕೆರೆಯಲ್ಲಲ್ಲ ಎಂದುಕೊಂಡೆ ನಾನು. ಇನ್ನು ಒಂದೆರಡು ವರ್ಷದಲ್ಲಿ ನಿನಗೂ ತಿಂಗಳಿಗೊಮ್ಮೆ ರಕ್ತ ಬರುತ್ತದೆ. ಅದು ರೋಗವಲ್ಲ, ತಪ್ಪಲ್ಲ, ಅಳಬೇಕಾಗಿಲ್ಲ. ಬಟ್ಟೆ ಚೆನ್ನಾಗಿ ಒಗೆದು ಬಿಸಿಲಲ್ಲಿ ಒಣಗಿಸಬೇಕು, ಅಷ್ಟೇ. ಕೂಸಾಗಲು ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬರಬೇಕು. ಹುಟ್ಟುವುದು ಹೆಣ್ಣೋ ಗಂಡೋ ಎಂಬುದು ತಂದೆಯ ಕಡೆಯಿಂದ ಬಂದ ಅರ್ಧದಲ್ಲಿರುತ್ತದೆ. ತಾಯಿಯನ್ನು ಬೈದು ಉಪಯೋಗವಿಲ್ಲ.

ದೊಡ್ಡವರೊಬ್ಬರು ನನಗೆ ತಿಳಿಯುತ್ತದೆ ಎಂದು ನಂಬಿ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ಕಡೆಗೆ ಬಾಯಿ ಕೇಳಿದರು, "ನಿನ್ನ ಅಮ್ಮನಿಗೆ ಇನ್ನೂ ಎಷ್ಟು ಮಕ್ಕಳು ಬೇಕು ಕೇಳು."

"ಅವ್ವ, ನಿನಗ ಇನ್ನೂ ಎಷ್ಟು ಮಕ್ಕಳು ಬೇಕಂತ ಕೇಳ್ತಾರ."

ಅವ್ವ ಗೋಡೆಯಿಂದ ಮುಖ ತಿರುಗಿಸಿದಳು. ಆಮೇಲೆ ಸೆರಗು ಹಿಂದೆ ಸರಿಸಿದಳು. "ಈ ಮಾತು ನನಗ ಇಲ್ಲೀತನ ಯಾರೂ ಕೇಳಿಲ್ಲ" ಎಂದಳು. ಬಾಯಿಯನ್ನೇ ನೇರ ನೋಡುತ್ತಾ ಮುಂದುವರಿಸಿದಳು. "ಸಾಕಾಗ್ಯಾದಂತ ಹೇಳು. ಹ್ವಾದ ಸಲ ಕಣ್ಣಿಗಿ ಕತ್ತಲಿ ಬಂದಾಗ ನನಗ ಸಾವಿಂದು ಅಂಜಿಕಿ ಆಗ್ಲಿಲ್ಲ. ಈ ನಾಕು ಹುಡುಗ್ಯಾರ ತಲಿ ಯಾರು ಹಿಕ್ಕತಾರ ಅಂತ ಅನಸ್ತು. ಅದನ್ನೂ ಹೇಳು."

ನಾನು ಹೇಳಿದೆ. ಒಂದು ಮಾತೂ ಬಿಡಲಿಲ್ಲ. ಬಾಯಿ ಕನ್ನಡಕ ತೆಗೆದು ಒರೆಸಿಕೊಂಡು, ಈಗ ಹೊಟ್ಟೆಯಲ್ಲಿರುವ ಕೂಸನ್ನು ಇಲ್ಲಿಯೇ ಹೆರಬೇಕು, ಆಮೇಲೆ ಆ ನಳಿಗೆಗಳನ್ನು ಕಟ್ಟಿಬಿಡುತ್ತೇನೆ, ಮತ್ತೆ ಬಸುರಾಗುವುದಿಲ್ಲ ಎಂದರು. ಆದರೆ ಗಂಡನ ದಸ್ತಖತು, ಅಂದರೆ ಸಹಿ, ಬೇಕು. ಅದಿಲ್ಲದೆ ಕೈ ಹಚ್ಚುವಂತಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವ್ವ, "ನಿಮ್ಮಪ್ಪಗ ನಾನೇ ಹೇಳ್ತೀನಿ. ನೀ ಬಾಯಿ ಬಿಡಬ್ಯಾಡ" ಎಂದಳು. ನಾನು ಒಪ್ಪಿದೆ.

ಆಮೇಲಿನ ಒಂದು ತಿಂಗಳು ನಾನು ಅನುಭವಿಸಿದ ಸಿಟ್ಟು ಇಂದಿಗೂ ನೆನಪಿದೆ. ಪ್ರತಿದಿನ ಅಪ್ಪ ಊಟಕ್ಕೆ ಬರುತ್ತಿದ್ದ. ಅವ್ವ ರೊಟ್ಟಿ ಬಡಿಯುತ್ತಾ, "ನೋಡ್ರಿ" ಎನ್ನುತ್ತಿದ್ದಳು. ನಾನು ಉಸಿರು ಹಿಡಿದು ಕೂಡುತ್ತಿದ್ದೆ. ಅಪ್ಪ, "ಏನು?" ಎನ್ನುತ್ತಿದ್ದ. ಅವ್ವ, "ಒಳ್ಳೆಣ್ಣಿ ತೀರ್ಯಾದ" ಎನ್ನುತ್ತಿದ್ದಳು. ಮರುದಿನ ಉಪ್ಪು ತೀರುತ್ತಿತ್ತು. ಅದರ ಮರುದಿನ ಕಟ್ಟಿಗೆ. ಆ ತಿಂಗಳು ನಮ್ಮ ಮನೆಯಲ್ಲಿ ಎಲ್ಲವೂ ತೀರಿತು, ಅವ್ವನ ಮಾತೊಂದು ಬಿಟ್ಟು. ನಾನು ಹಿತ್ತಲಲ್ಲಿ ಅವಳನ್ನು ಹಿಡಿದು, "ಯಾವಾಗ ಹೇಳ್ತಿ?" ಎಂದರೆ, "ಹೇಳ್ತೀನಿ, ಹೊತ್ತು ಬರಬೇಕು" ಎನ್ನುವಳು. ಅವಳ ಹೊಟ್ಟೆ ಮಾತ್ರ ಹೊತ್ತು ನೋಡದೆ ಬೆಳೆಯುತ್ತಿತ್ತು.

ಒಂದು ಮಧ್ಯಾಹ್ನ ಅಪ್ಪ ಊಟಕ್ಕೆ ಕೂತಾಗ ಆಯಿ ಗೋಡೆಗೊರಗಿ ಕೂತು ಮಾತು ತೆಗೆದಳು.

"ಈ ಸಲ ಗಂಡಾಗ್ಲಿ ಅಂತ ಹರಕಿ ಹೊತ್ತೀನಿ. ಇದೂ ಹೆಣ್ಣಾದ್ರ ನಾ ನಿನಗ ಮುಡಬಿ ಕಡಿ ಇನ್ನೊಂದು ಹೆಣ್ಣು ನೋಡಾಕಿ. ಇಕಿ ಹೊಟ್ಟ್ಯಾಗ ಬರೇ ಹೆಣ್ಣೇ ಅವ."

ಅವ್ವ ತಲೆ ತಗ್ಗಿಸಿ ರೊಟ್ಟಿ ತಿರುವಿದಳು. ಅಪ್ಪ ಪಲ್ಯ ಹಚ್ಚಿಕೊಂಡು ತುತ್ತು ಬಾಯಿಗಿಟ್ಟ. ನನ್ನ ತಾಳ್ಮೆಯೂ ತೀರಿತು.

"ಆಯಿ, ಹೆಣ್ಣಾಗೂದು ಗಂಡಾಗೂದು ಅಪ್ಪನ ಕಡಿಂದಂತ, ಅವ್ವನ ಕೈಯಾಗಿಲ್ಲಂತ. ಹುಮನಾಬಾದದ ಡಾಕ್ಟರಬಾಯಿ ಹೇಳ್ಯಾರ. ಅವ್ವನ ಮೈಯಾಗ ರಕ್ತ ಇಲ್ಲ. ಇದೊಂದು ಅಲ್ಲೇ ಹಡದು ನಳಿಗಿ ಗಂಟು ಹಾಕಸ್ಕೋಬೇಕು, ಇಲ್ಲಂದ್ರ ಅವ್ವ ಸಾಯ್ತಾಳ. ಅಪ್ಪನ ದಸ್ಕತ್ತು ಬೇಕು. ಒಂದು ತಿಂಗಳಿಂದ ಅವ್ವ ಇದನ್ನ ಹೇಳಬೇಕಂತ ಮಾಡಿ ಎಣ್ಣಿ ತೀರ್ಯಾದ, ಉಪ್ಪು ತೀರ್ಯಾದ ಅನ್ನಾಕತ್ತಾಳ."

ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಆಯಿ ಎದ್ದು ಒಳಗೆ ಹೋದಳು. ಅಪ್ಪ ತಟ್ಟೆಯಲ್ಲಿದ್ದುದನ್ನು ಪೂರ್ತಿ ಉಂಡ, ಕೈ ತೊಳೆದ, ಟೋಪಿ ಹಾಕಿಕೊಂಡು ಅಂಗಡಿಗೆ ಹೋದ. ಅವನ ಮುಖದಲ್ಲಿ ಏನಿತ್ತೆಂದು ನೋಡಲು ನನಗೆ ಧೈರ್ಯ ಬರಲಿಲ್ಲ. ಅವ್ವ ನನಗೆ ಹೊಡೆಯಲಿಲ್ಲ. ಸೀದ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿದಳು.

ಮರುದಿನದಿಂದ ನನ್ನ ಶಾಲೆ ನಿಂತಿತು. ಉರ್ದು ಓದಿಸಿದ್ದರಿಂದಲೇ ಹುಡುಗಿಯ ಬಾಯಿ ಹೀಗಾಯಿತೆಂದು ಆಯಿ ಹೇಳಿದಳು, ಅಪ್ಪ ತಲೆಯಾಡಿಸಿ ಒಪ್ಪಿದ. ನಮ್ಮ ಉಸ್ತಾನಿ ಒಮ್ಮೆ ಮನೆಗೆ ಬಂದು ಕೇಳಿದರು. ಆಯಿ ಅವರಿಗೆ ಚಹಾ ಕೊಟ್ಟು, ಹುಡುಗಿಗೆ ಮನೆಗೆಲಸ ಕಲಿಸಬೇಕು ಎಂದಳು. ನಾನು ಒಳಗೆ ಕೂತು ಜೋಳ ಹಸನ ಮಾಡುತ್ತಿದ್ದೆ.

ಹದಿನೈದು ದಿನದ ಮೇಲೆ ಅಪ್ಪ ಪಡಸಾಲೆಯಲ್ಲಿ ಬಳೆಗಳನ್ನು ಅಳತೆಯಂತೆ ಬೇರೆ ಮಾಡುತ್ತಾ, ಕತ್ತೆತ್ತದೆ, "ಆ ಡಾಕ್ಟರಬಾಯಿ ಮನಿ ಯಾವ ಕಡಿ ಬರ್ತದ?" ಎಂದು ಕೇಳಿದ. ನಾನು ಗುರುತು ಹೇಳಿದೆ. "ಹ್ಞೂಂ" ಎಂದ. ಮರುದಿನ ಮಾಲು ತರುವ ನೆಪದಲ್ಲಿ ಹುಮನಾಬಾದಿಗೆ ಹೋಗಿ ಬಂದ. ಏನಾಯಿತೆಂದು ಅವನು ಹೇಳಲಿಲ್ಲ, ಅವ್ವ ಕೇಳಲಿಲ್ಲ. ಇಬ್ಬರ ನಡುವೆ ಕೂತು ನನಗೆ ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು. ಆದರೆ ಎಂಟನೆಯ ತಿಂಗಳಿಗೆ ಅವನೇ ಅವ್ವನನ್ನು ದೊಡ್ಡವ್ವನ ಮನೆಯಲ್ಲಿ ಬಿಟ್ಟು ಬಂದ. ನನ್ನನ್ನೂ ಜೊತೆಗೆ ಕಳಿಸಿದ.

ದಸರೆ ಮುಗಿದು ಹೊಲದಲ್ಲಿ ಜೋಳ ಮೊಳಕಾಲುದ್ದ ಬಂದಿದ್ದಾಗ ಅವ್ವನಿಗೆ ನೋವು ಬಂತು. ಸುದ್ದಿ ತಿಳಿದು ಅಪ್ಪ ಮಧ್ಯಾಹ್ನದ ಬಸ್ಸಿಗೆ ಬಂದ. ದವಾಖಾನೆಯ ಅಂಗಳದ ಬೆಂಚಿನ ಮೇಲೆ ನಾವಿಬ್ಬರೂ ಕೂತೆವು. ಒಳಗಿಂದ ಅವ್ವನ ನರಳಾಟ ಬರುತ್ತಿತ್ತು. ಹಿಂದಿನ ಹೆರಿಗೆಗಳಲ್ಲಿ ಅಪ್ಪ ಅಂಗಡಿಯಲ್ಲಿರುತ್ತಿದ್ದ. ಈ ಸದ್ದನ್ನು ಅವನು ಕೇಳಿದ್ದು ಅದೇ ಮೊದಲಿರಬೇಕು. ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದ. ಸಂಜೆಯ ಹೊತ್ತಿಗೆ ಕೂಸಿನ ಅಳು ಕೇಳಿತು.

ಡಾಕ್ಟರಬಾಯಿ ಹೊರಗೆ ಬಂದರು. ಹೆಣ್ಣು ಎಂದರು. ತಾಯಿ ಬದುಕಿದ್ದಾಳೆ, ಆದರೆ ಬಹಳ ಸೋತಿದ್ದಾಳೆ ಎಂದರು. ಆಮೇಲೆ ಅಪ್ಪನನ್ನು ನೋಡಿ, ನೀವು ಬಂದು ದಸ್ತಖತು ಮಾಡಿ ಹೋದದ್ದು ಆಗ, ಈಗ ಐದನೆಯದೂ ಹೆಣ್ಣಾಗಿದೆ, ಮನಸ್ಸು ಬದಲಾಗಿದ್ದರೆ ಈಗಲೇ ಹೇಳಿ, ನಾಳೆ ಹೇಳಿದರೆ ಆಗದು ಎಂದರು.

ಅಪ್ಪ ಎದ್ದು ನಿಂತ. ಟೋಪಿ ಕೈಯಲ್ಲಿತ್ತು.

"ಬಾಯೀಜಿ, ಮೈ ದಸ್ಕತ್ ಬೇಟೇ ಕೆ ವಾಸ್ತೆ ನೈ ಕರಾ. ಇನ್ ಕೀ ಅಮ್ಮಾ ಕೆ ವಾಸ್ತೆ ಕರಾ."

ಮಗನಿಗಾಗಿ ಅಲ್ಲ, ಇವರ ತಾಯಿಗಾಗಿ ಮಾಡಿದ್ದು. ಹಾಗೆನ್ನುವಾಗ ನನ್ನ ಕಡೆ ಕೈ ತೋರಿಸಿದ. ಆ ಮಾತನ್ನು ಯಾರಿಗೂ ಕನ್ನಡ ಮಾಡಿ ಹೇಳಬೇಕಾಗಿರಲಿಲ್ಲ. ಆದರೂ ನಾನು ಒಳಗೆ ಹೋಗಿ ಅವ್ವನಿಗೆ ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡೇ ಇದ್ದಳು, ಕಿವಿಯ ಕಡೆಗೆ ನೀರು ಇಳಿಯಿತು. ಮರುದಿನ ಬಾಯಿ ತಮ್ಮ ಕೆಲಸ ಮುಗಿಸಿದರು.

ಆಯಿ ಆರು ತಿಂಗಳು ಅವ್ವನೊಂದಿಗೆ ಮಾತು ಬಿಟ್ಟಳು. ಆಮೇಲೆ ಆ ಕಡೆಯ ಕೂಸನ್ನೇ ತೊಡೆಯಿಂದ ಇಳಿಸದಾದಳು. ಎರಡನೆಯ ಹೆಂಡತಿಯ ಮಾತು ಮತ್ತೆ ಬರಲಿಲ್ಲ. ಎಲ್ಲರಿಗೂ ಏನೋ ಒಂದು ಸರಿಯಾಯಿತು, ನನಗೆ ಆಗಲಿಲ್ಲ. ಅಪ್ಪ ಅಷ್ಟು ದೊಡ್ಡ ಮಾತು ಆಡಿದವನು ನನ್ನ ಶಾಲೆಯ ಬಗ್ಗೆ ಒಂದು ಸಣ್ಣ ಮಾತು ಆಡಲಿಲ್ಲ. ಹದಿಮೂರನೆಯ ವಯಸ್ಸಿಗೆ ನಾನು ದೊಡ್ಡವಳಾದಾಗ, ಅಷ್ಟೆಲ್ಲ ನನ್ನ ಬಾಯಿಂದಲೇ ಕೇಳಿಸಿಕೊಂಡಿದ್ದ ಅವ್ವ, ಮೂಲೆಯಲ್ಲಿ ಚಾಪೆ ಹಾಸಿ, "ಕಾಗಿ ಮುಟ್ಟ್ಯಾದ, ಅಲ್ಲಿ ಕೂಡು" ಎಂದಳು. ನಾನು ಅವಳ ಮುಖ ನೋಡಿದೆ. ಅವಳು ಬೇರೆ ಕಡೆ ನೋಡಿದಳು. ಹದಿನೈದಕ್ಕೆ ನನ್ನ ಮದುವೆಯಾಯಿತು.

ನನ್ನ ಹೆಣ್ಣುಮಕ್ಕಳಿಗೆ ನಾನು ಕಾಗೆಯ ಕಥೆ ಹೇಳಲಿಲ್ಲ. ಹಾಳೆಯ ಮೇಲೆ ಸೋರೆಕಾಯಿ ಬರೆದು ಎಲ್ಲವನ್ನೂ ಹೇಳಿದೆ. ಅವರು ನಾಚಿಕೊಂಡು ಎದ್ದುಹೋದರು, ಆದರೆ ಹೇಳಿದೆ. ನನ್ನ ಉರ್ದು ಮಾತ್ರ ಹೋಯಿತು. ಬಜಾರದಲ್ಲಿ ಬೋರ್ಡು ಕಂಡರೆ ಒಂದೊಂದೇ ಅಕ್ಷರ ಕೂಡಿಸುವಷ್ಟರಲ್ಲಿ ಆಟೊ ಮುಂದೆ ಹೋಗಿರುತ್ತದೆ. ಡಾಕ್ಟರಬಾಯಿ ಎರಡು ವರ್ಷದಲ್ಲಿ ಹುಮನಾಬಾದು ಬಿಟ್ಟರು. ಎಲ್ಲಿಗೆ ಹೋದರೆಂದು ಯಾರಿಗೂ ಗೊತ್ತಿಲ್ಲ, ಅವರ ಹೆಸರೂ ನಾವು ಕೇಳಿಟ್ಟುಕೊಳ್ಳಲಿಲ್ಲ. ಅಮೀನಾ ಖಾಲಾ ಕಡೆಗೆ ಹೈದರಾಬಾದು ಸೇರಿದರು. ಕಿಂಡಿಯಿದ್ದ ಗೋಡೆಯ ಜಾಗದಲ್ಲಿ ಈಗ ಮೂರಂತಸ್ತಿನ ಮನೆಯಿದೆ.

ಅವ್ವ ಎಂಬತ್ತು ದಾಟಿ ಬದುಕಿದಳು. ಐದೂ ಹುಡುಗಿಯರ ತಲೆ ಹಿಕ್ಕಿದಳು, ಮೊಮ್ಮಕ್ಕಳದ್ದೂ ಹಿಕ್ಕಿದಳು. ಅವಳ ಕಡೆಯ ವರ್ಷಗಳಲ್ಲಿ ಒಂದು ಮಧ್ಯಾಹ್ನ ಇಬ್ಬರೂ ಮೆಂತೆಸೊಪ್ಪು ಸೋಸುತ್ತಾ ಕೂತಿದ್ದಾಗ ನಾನು ಕೇಳಿಬಿಟ್ಟೆ.

"ಅವ್ವ, ಅವತ್ತ ಹುಮನಾಬಾದದಾಗ ಆ ಬಾಯಿ ಮುಂದ ನೀ ಮಾತಾಡಿದ್ದು ನೆನಪದೇನು?"

"ಯಾವ ಮಾತು?" ಎಂದಳು ಅವ್ವ. ಸೊಪ್ಪಿನಿಂದ ಕೈ ತೆಗೆಯದೆ, "ಸುಮ್ಮ ಕೂಡು, ಮಂದಿ ಕೇಳ್ತಾರ" ಎಂದಳು.

ಮನೆಯಲ್ಲಿ ನಾವಿಬ್ಬರೇ ಇದ್ದೆವು. ನನಗೆ ಎಂದಿನಂತೆ ಸಿಟ್ಟು ಬಂತು. ಆಮೇಲೆ ಕೇಳೋಣವೆಂದು ಬಿಟ್ಟೆ. ಆಮೇಲೆ ಅವಳು ಹೋದಳು. ಅರವತ್ತು ವರ್ಷಕ್ಕೂ ಮೇಲೆ ತಾಯಿ ಮಗಳಾಗಿ ಬದುಕಿ ನಾವಿಬ್ಬರೂ ಮುಚ್ಚುಮರೆಯಿಲ್ಲದೆ ಮಾತಾಡಿದ್ದು ಅದೊಂದು ತಾಸು, ಅದೂ ಪರವೂರಿನ ಹೆಂಗಸೊಬ್ಬಳು ಕೇಳಿದ್ದಕ್ಕೆ. ಈಗ ಸಿಟ್ಟು ಮಾಡಿಕೊಳ್ಳಲಿಕ್ಕೂ ಅವಳಿಲ್ಲ.